ಕನ್ನಡಕ್ಕೂ ಕೆಂಪು ಗೆರೆ ಬಂತು: ಡಿಟಿಪಿ ಅಂಗಡಿಯ ನನ್ನ ಅನುಭವ

600 ಲಗ್ನಪತ್ರಿಕೆ. ಒಂದಕ್ಕೆ 14 ರೂಪಾಯಿ. ಅಷ್ಟನ್ನೂ ನನ್ನ ಕೈಯಿಂದಲೇ ಹಾಕಿ ಮತ್ತೆ ಪ್ರಿಂಟ್ ಮಾಡಿಸಿಕೊಟ್ಟೆ. ‘ಹಾರ್ದಿಕ’ದ ‘ದ’ಕ್ಕೆ ಹೊಟ್ಟೆ ಸೀಳಿ ‘ಹಾರ್ಧಿಕ ಸ್ವಾಗತ’ ಮಾಡಿದ್ದೆ. ಹುಡುಗನ ಅಪ್ಪ ರಿಟೈರ್ಡ್ ಹೆಡ್‌ಮಾಸ್ಟರು. ಪತ್ರಿಕೆ ಕೈಗೆ ತಗೊಂಡ ಕೂಡಲೇ ಬೆರಳು ಅಲ್ಲಿಗೇ ಹೋಯಿತು.

ಶಿವಮೊಗ್ಗ ಜಿಲ್ಲೆಯಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಹದಿನೇಳು ವರ್ಷ ಆಯಿತು. ಆ ಲಗ್ನಪತ್ರಿಕೆ ಆದಮೇಲೆ, ಇಂಗ್ಲಿಷಿನಲ್ಲಿ ತಪ್ಪು ಪದದ ಕೆಳಗೆ ಬರುವ ಕೆಂಪು ಗೆರೆ ಕನ್ನಡಕ್ಕೂ ಬರಲೇಬೇಕು ಅಂತ ಹಟ ಹಿಡಿದೆ. ನಮಗೆ ಪ್ರೂಫ್ ನೋಡುವ ಮೇಷ್ಟ್ರು ಒಬ್ಬರಿದ್ದಾರೆ. ಅವರು ಅವತ್ತೇ ಹೇಳಿದರು: “ಕನ್ನಡಕ್ಕೆ ಅದೆಲ್ಲ ಆಗಲ್ಲ ಕಣಯ್ಯ. ಒಂದು ಪದಕ್ಕೆ ನೂರು ಬಾಲ. ಸುಮ್ನೆ ಕಣ್ಣಿಗೆ ಕೆಲಸ ಕೊಡು.” ಪ್ರೆಸ್ಸಿನವರೂ ಅದನ್ನೇ ಹೇಳಿದರು. ಈಗ ಅದೇ ಪ್ರೆಸ್ಸಿನವರು ಪೆನ್‌ಡ್ರೈವ್ ಹಿಡ್ಕೊಂಡು ನನ್ನ ಅಂಗಡಿಗೆ ಬರ್ತಾರೆ.

ಈ ಗೆರೆಯನ್ನು ಬ್ರೌಸರಿನಲ್ಲೇ ಬರಿಸಲು ಹೊರಟೆ. ಬ್ರೌಸರೇ ಯಾಕೆ ಅಂದರೆ, ಕೆಲಸ ಬರುವುದೇ ಅಲ್ಲಿಂದ. ವಾಟ್ಸಾಪ್ ವೆಬ್, ಮೇಲ್, ಯಾವುದೋ ಫಾರಂ. ಮೊದಲು ಕ್ರೋಮಿನಲ್ಲೇ ಒದ್ದಾಡಿದೆ. ಅದು ತನ್ನ ಜೊತೆ ತರುವ ನಿಘಂಟುಗಳಲ್ಲಿ ಹಿಂದಿ ಇದೆ, ತಮಿಳು ಇದೆ, ಕನ್ನಡ ಇಲ್ಲ. ಅದರ ಕಸ್ಟಮ್ ಡಿಕ್ಷನರಿ ಫೈಲಿಗೆ ಕನ್ನಡ ಪದ ತುಂಬಿ ನೋಡಿದೆ. ಕೊನೆಯ ಸಾಲಿನಲ್ಲಿ ಚೆಕ್‌ಸಮ್ (ಫೈಲು ಕೆಟ್ಟಿಲ್ಲ ಅಂತ ತಾಳೆ ನೋಡುವ ಗುರುತು) ಇರುತ್ತದೆ, ಅದರ ಗೊಡವೆ ಬೇರೆ. ಅಷ್ಟು ಮಾಡಿದರೂ ಕನ್ನಡಕ್ಕೆ ಗೆರೆ ಬೀಳಲಿಲ್ಲ. ಭಾಷೆಯೇ ಪಟ್ಟಿಯಲ್ಲಿ ಇಲ್ಲದಿದ್ದರೆ ನನ್ನ ಪದಗಳನ್ನು ಇಟ್ಕೊಂಡು ಅದು ಏನು ಮಾಡೀತು? ಅದರಲ್ಲಿರುವ ‘ಎನ್‌ಹಾನ್ಸ್‌ಡ್’ ಚೆಕ್ ಹಾಕಿದರೆ ನಾವು ಟೈಪ್ ಮಾಡಿದ್ದು ಗೂಗಲ್‌ಗೆ ಹೋಗುತ್ತದೆ. ನನ್ನ ಹತ್ತಿರ ಕ್ರಯಪತ್ರ, ವಿಲ್ಲು ಎಲ್ಲ ಟೈಪಿಗೆ ಬರುತ್ತವೆ. ಅದು ನನಗೆ ಬೇಡ.

ಕೊನೆಗೆ ಫೈರ್‌ಫಾಕ್ಸ್‌ಗೆ ಬಂದೆ. ಅದರಲ್ಲಿರುವುದು ಹನ್‌ಸ್ಪೆಲ್ ಅನ್ನುವ ಕಾಗುಣಿತ ನೋಡುವ ತಂತ್ರಾಂಶ. ನಮ್ಮದೇ ನಿಘಂಟನ್ನು ಅದಕ್ಕೆ ತಿನ್ನಿಸಬಹುದು. ನನಗೆ ಬೇಕಾಗಿದ್ದು ಅದೊಂದೇ. 2022ರಲ್ಲಿ 100ನೇ ಆವೃತ್ತಿ ಬಂದಮೇಲೆ ಟೈಪ್ ಮಾಡುವ ಒಂದೇ ಪೆಟ್ಟಿಗೆಯಲ್ಲಿ ಎರಡು ಭಾಷೆ ಚೆಕ್ ಮಾಡುವ ಅನುಕೂಲವೂ ಸಿಕ್ಕಿತು. ಕನ್ನಡದ ನಡುವೆ ಬರುವ ಇಂಗ್ಲಿಷ್ ಪದಕ್ಕೆಲ್ಲ ಕೆಂಪು ಬೀಳುವುದು ನಿಂತಿತು.

ಲಿನಕ್ಸಿನವರು ಕೊಡುವ ಹನ್‌ಸ್ಪೆಲ್ ಕನ್ನಡ ಪ್ಯಾಕೇಜನ್ನೇ ಮೊದಲು ಹಾಕಿದೆ. ಪುಟ ಪೂರ್ತಿ ಕೆಂಪು! ‘ಮನೆ’ ಅದಕ್ಕೆ ಗೊತ್ತು, ‘ಮನೆಯಲ್ಲಿದ್ದವರಿಗೂ’ ಗೊತ್ತಿಲ್ಲ. ಮೇಷ್ಟ್ರು ಹೇಳಿದ ನೂರು ಬಾಲ ಇದೇ. ಬಹಳ ಜನ ಇಲ್ಲಿಗೇ ಕೈಬಿಡುತ್ತಾರೆ. ನಾನೂ ಎರಡು ತಿಂಗಳು ಬಿಟ್ಟಿದ್ದೆ.

ಆಮೇಲೆ ಹೊಳೆಯಿತು. ಹದಿನೇಳು ವರ್ಷದ ಫೈಲುಗಳು ನನ್ನ ಹತ್ತಿರವೇ ಇವೆಯಲ್ಲ. ಎಲ್ಲವೂ ಪ್ರೂಫ್ ಆಗಿ ಪ್ರಿಂಟಿಗೆ ಹೋದವು. ನುಡಿ ತಂತ್ರಾಂಶದ ಫಾಂಟಿನಲ್ಲಿದ್ದ ಹಳೆಯ ಫೈಲುಗಳನ್ನು, ಬ್ರೌಸರು ಓದಬಲ್ಲ ಯೂನಿಕೋಡಿಗೆ ತಿರುಗಿಸಿದೆ. ಅರ್ಕಾವತ್ತು ಜಾಗ ತಪ್ಪಿದ್ದನ್ನೆಲ್ಲ ಕೈಯಲ್ಲೇ ಹೆಕ್ಕಿದೆ, ಅದಕ್ಕೇ ಒಂದು ತಿಂಗಳು ಹೋಯಿತು. ಸಾರ್ಟ್, ಯೂನಿಕ್ ಅನ್ನುವ ಕಮಾಂಡ್ ಗೊತ್ತಿದ್ದವರಿಗೆ ಪದ ಬಿಡಿಸಿ ಎಣಿಸುವುದು ಹತ್ತು ನಿಮಿಷದ ಕೆಲಸ. ಸುಮಾರು 40 ಲಕ್ಷ ಪದ ಇತ್ತು. ಒಂದೇ ಪದ ಮತ್ತೆ ಮತ್ತೆ ಬಂದದ್ದನ್ನು ಕಳೆದರೆ ಮೂರೂವರೆ ಲಕ್ಷ ಚಿಲ್ಲರೆ ಉಳಿಯಿತು. ನಾಲ್ಕು ಸಲಕ್ಕಿಂತ ಕಡಿಮೆ ಬಂದದ್ದನ್ನು ಎಸೆದೆ. ತೊಂಬತ್ತು ಸಾವಿರದ ಹತ್ತಿರ ನಿಂತಿತು.

ಇದನ್ನು ಆಡ್-ಆನ್ (ಬ್ರೌಸರಿಗೆ ಸೇರಿಸುವ ತುಣುಕು) ಮಾಡಿ ಫೈರ್‌ಫಾಕ್ಸಿನವರಿಂದ ಸೈನ್ ಮಾಡಿಸುವ ತಾಪತ್ರಯ ಬೇಡ. ಪದಗಳಿರುವ ಡಿಐಸಿ, ಬಾಲಗಳ ನಿಯಮ ಇರುವ ಎಎಫ್‌ಎಫ್ ಎರಡು ಫೈಲನ್ನೂ ಒಂದು ಫೋಲ್ಡರಿನಲ್ಲಿ ಇಡಿ. ಫೈರ್‌ಫಾಕ್ಸಿನ ಒಳ ಸೆಟ್ಟಿಂಗ್ ಪುಟ ಅಬೌಟ್-ಕಾನ್ಫಿಗ್‌ನಲ್ಲಿ (about:config) ಸ್ಪೆಲ್‌ಚೆಕರ್ ಡಿಕ್ಷನರಿ ಪಾಥ್‌ಗೆ ಆ ಫೋಲ್ಡರ್ ತೋರಿಸಿ, ಬ್ರೌಸರ್ ಮುಚ್ಚಿ ತೆಗೆಯಿರಿ. ಬರೆಯುವುದಕ್ಕೆ ನಾನು ಒಂದು ಖಾಲಿ ಎಚ್‌ಟಿಎಂಎಲ್ ಪುಟ ಮಾಡ್ಕೊಂಡಿದ್ದೇನೆ. ಒಳಗೆ ಒಂದು ದೊಡ್ಡ ಪೆಟ್ಟಿಗೆ, ಭಾಷೆ ಕನ್ನಡ ಅಂತ ಒಂದು ಗುರುತು. ಅಷ್ಟೇ. ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ಮೊದಲ ದಿನ ಖುಷಿಯಿಂದ ಆ ಹಳೆಯ ಲಗ್ನಪತ್ರಿಕೆಯನ್ನೇ ಅಂಟಿಸಿದೆ. ‘ಹಾರ್ಧಿಕ’ಕ್ಕೆ ಗೆರೆ ಬೀಳಲೇ ಇಲ್ಲ! ಹುಡುಕಿದರೆ ನನ್ನ ಹಳೆಯ ಫೈಲುಗಳಲ್ಲಿ ಅದು 43 ಸಲ ಇತ್ತು. ‘ವಿಧ್ಯಾರ್ಥಿ’ ಇತ್ತು, ‘ಶುಭಾಷಯ’ ಇತ್ತು, ‘ಕೋಟ್ಯಾಂತರ’ ಇತ್ತು, ‘ಜಾತ್ಯಾತೀತ’ ಇತ್ತು. ಇಷ್ಟು ವರ್ಷ ನಾನು ಮಾಡಿದ ತಪ್ಪೆಲ್ಲ ಸರಿಯಾದ ಪದದ ಹೆಸರಲ್ಲಿ ಪಟ್ಟಿಯೊಳಗೆ ಕೂತಿತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಅಲ್ಲಿಂದ ಕೆಲಸದ ದಾರಿಯೇ ಬದಲಾಯಿತು. ಹನ್‌ಸ್ಪೆಲ್‌ನಲ್ಲಿ ‘ಫಾರ್ಬಿಡನ್‌ವರ್ಡ್’ ಅಂತ ಇದೆ. ಆ ಗುರುತು ಹಾಕಿದ ಪದ ಬಂದರೆ ಕೆಂಪು ಗ್ಯಾರಂಟಿ. ಸರಿ ಪದದ ಪಟ್ಟಿಗಿಂತ ಈ ತಪ್ಪು ಪದದ ಪಟ್ಟಿಯೇ ಜಾಸ್ತಿ ಬೆಲೆಯದ್ದು. ನನ್ನದರಲ್ಲಿ ಈಗ ಎರಡು ಸಾವಿರದ ಮೇಲೆ ಇವೆ. ಅನುಮಾನ ಬಂದ ಒಂದೊಂದು ಪದವನ್ನೂ ಅಲರ್ ನಿಘಂಟಿನಲ್ಲಿ ನೋಡಿಯೇ ಸೇರಿಸಿದ್ದು. ವಿ. ಕೃಷ್ಣ ಅವರು ಒಬ್ಬರೇ ಕೂತು ಕಟ್ಟಿದ ನಿಘಂಟು ಅದು, ಒಂದೂವರೆ ಲಕ್ಷ ಪದ, ನೆಟ್‌ನಲ್ಲಿ ಬಿಟ್ಟಿ. ಬುಕ್‌ಮಾರ್ಕಿಗೆ ಒಂದಕ್ಷರದ ಕೀವರ್ಡ್ ಕೊಟ್ಟರೆ ಅಡ್ರೆಸ್ ಬಾರಿನಿಂದಲೇ ಹುಡುಕಬಹುದು. ಈ ತಪ್ಪು ಪದದ ಪಟ್ಟಿಯನ್ನು ಮಾತ್ರ ಯಾರಿಗೂ ಕೊಡಲ್ಲ. ಕೇಳಬೇಡಿ.

ಬಾಲಗಳ ವಿಷಯದಲ್ಲಿ ಇನ್ನೊಂದು ಪೆಟ್ಟು ತಿಂದೆ. ‘ಊರು’ ಪದದ ‘ು’ ತೆಗೆದು ‘ಿನ’ ಹಾಕಿದರೆ ‘ಊರಿನ’. ಎಎಫ್‌ಎಫ್‌ನಲ್ಲಿ ಒಂದೇ ಸಾಲಿನ ನಿಯಮ. ಉಕಾರದಲ್ಲಿ ಮುಗಿಯುವ ಪದಕ್ಕೆಲ್ಲ ಅದನ್ನೇ ಹಚ್ಚಿದೆ. ‘ಗುರುವಿನ’ಕ್ಕೆ ಕೆಂಪು ಬಿತ್ತು, ‘ಗುರಿನ’ ಪಾಸಾಯಿತು. ‘ಮಗು’ವಿನದೂ ಅದೇ ಕತೆ. ಊರು ಜಾತಿಯ ಪದ ಯಾವುವು, ಗುರು ಜಾತಿಯವು ಯಾವುವು ಅಂತ ಸಾವಿರಾರು ಪದ ಬೇರೆ ಮಾಡಬೇಕಾಯಿತು. ಎಲ್ಲವನ್ನೂ ಕೈಯಲ್ಲಿ ಮಾಡಲಿಲ್ಲ. ಹೇಗೆ ಮಾಡಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸೊನ್ನೆಯದು ಇನ್ನೊಂದು ಕಾಟ. ವಾಟ್ಸಾಪಿನಲ್ಲಿ ಬರುವ ಮ್ಯಾಟರಿನಲ್ಲಿ ಅನುಸ್ವಾರದ ಬದಲು ಅಂಕಿಯ ಸೊನ್ನೆ ಹೊಡೆದಿರುತ್ತಾರೆ. ‘ಸಂಘ’, ‘ಸ೦ಘ’. ಕಣ್ಣಿಗೆ ಎರಡೂ ಒಂದೇ. ಐಕಾನ್ವ್ ಅನ್ನುವ ಸಾಲು ಹಾಕಿ ಆ ಸೊನ್ನೆಯನ್ನು ಅನುಸ್ವಾರ ಅಂತಲೇ ಓದು ಅಂದೆ. ಕೆಂಪೆಲ್ಲ ಹೋಯಿತು, ಆಹಾ ಅಂದುಕೊಂಡೆ. ಆದರೆ ಫೈಲಿನಲ್ಲಿ ತಪ್ಪು ಸೊನ್ನೆ ಹಾಗೇ ಇತ್ತು. ಫಾಂಟ್ ಬದಲಾಯಿಸಿದಾಗ ಸೊನ್ನೆಗಳೆಲ್ಲ ದಪ್ಪ ದಪ್ಪ ಕಂಡವು. ಆ ಸಾಲು ಕಿತ್ತೆ. ಈಗ ಅಂಟಿಸುವ ಮೊದಲೇ ಪದದೊಳಗಿನ ಸೊನ್ನೆಯನ್ನು ರಿಪ್ಲೇಸ್ ಮಾಡುತ್ತೇನೆ. ‘ಸಾಫ್ಟ್‌ವೇರ್’ ಥರದ ಪದಗಳಲ್ಲಿ ನಡುವೆ ಅಕ್ಷರ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ನಾನ್-ಜಾಯ್ನರ್ ಇರುವುದು, ಇಲ್ಲದ್ದು ಎರಡೂ ಬರುತ್ತವೆ. ಇಲ್ಲದ್ದು ‘ಸಾಫ್ಟ್ವೇರ್’ ಆಗುತ್ತದೆ. ಅದೂ ತಪ್ಪು ಪಟ್ಟಿಗೆ ಹೋಯಿತು.

ಇನ್ನೊಂದು ದುಬಾರಿ ಪಾಠ ಇದೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ 112 ಪುಟದ ಸ್ಮರಣ ಸಂಚಿಕೆ. ಇಡೀ ಮ್ಯಾಟರ್ ಒಂದೇ ಸಲ ಅಂಟಿಸಿದೆ. ಮುಂದೆ ಮುಂದೆ ಹೋದ ಹಾಗೆ ಕೆಂಪೇ ಇಲ್ಲ. ಬರೆದವರು ಒಳ್ಳೆಯ ಕನ್ನಡದವರು ಅಂದುಕೊಂಡು ಪ್ರಿಂಟಿಂಗ್ ಪ್ಲೇಟ್ ಮಾಡಲು ಕಳಿಸಿದೆ. 500 ಪ್ರತಿ ಬಂತು, ಹಿಂದಿನ ಪುಟಗಳ ತುಂಬ ತಪ್ಪು. ಬಿಲ್ಲಿನಲ್ಲಿ 6,000 ಬಿಟ್ಟುಕೊಟ್ಟೆ. ಆಮೇಲೆ ತಿಳಿಯಿತು, 500 ತಪ್ಪು ಆದಮೇಲೆ ಫೈರ್‌ಫಾಕ್ಸ್ ಗೆರೆ ಹಾಕುವುದನ್ನು ನಿಲ್ಲಿಸುತ್ತದೆ. ಅದರ ಲೆಕ್ಕ ಅಬೌಟ್-ಕಾನ್ಫಿಗ್‌ನಲ್ಲಿ ‘ಮ್ಯಾಕ್ಸ್-ಮಿಸ್‌ಸ್ಪೆಲಿಂಗ್ಸ್’ ಅಂತ ಇದೆ. ನೋಡಿಕೊಳ್ಳದ್ದು ನಾನು. ಅದನ್ನು ಜಾಸ್ತಿ ಮಾಡ್ಕೊಳ್ಳಿ, ಆದರೂ ಹತ್ತು ಹತ್ತು ಪುಟವನ್ನೇ ಅಂಟಿಸಿ.

ನಡುವೆ ಒಂದು ಎಐ ಚಾಟ್‌ಗೂ ಪ್ರೂಫ್ ಕೊಟ್ಟು ನೋಡಿದೆ. ತಪ್ಪು ಹಿಡಿಯಿತು, ನಿಜ. ಆದರೆ ಲೇಖಕರು ಬೇಕಂತಲೇ ಬರೆದ ‘ಬಂದಾನ’, ‘ಹೋಗ್ಯಾನ’ಗಳನ್ನೂ ‘ಬಂದಿದ್ದಾನೆ’, ‘ಹೋಗಿದ್ದಾನೆ’ ಮಾಡಿತು. ಅವರು ಧಾರವಾಡದ ಕಡೆಯವರು, ಫೋನಿನಲ್ಲೇ ಬೈದರು.

ಈ ವರ್ಷ ನನ್ನ ಖರ್ಚಿನಲ್ಲಿ ಮತ್ತೆ ಪ್ರಿಂಟ್ ಮಾಡಿಸಿದ್ದು ಒಂದೂ ಇಲ್ಲ. ಮೊದಲು ವರ್ಷಕ್ಕೆ ಹೆಚ್ಚೂಕಡಿಮೆ 20,000 ಹೀಗೇ ಹೋಗುತ್ತಿತ್ತು. ಪ್ರೂಫ್ ಮಾತ್ರ ಬೇಕು ಅನ್ನುವ ಪಾರ್ಟಿಗಳಿಂದ ಪುಟಕ್ಕೆ ಹತ್ತು ರೂಪಾಯಿ ತಗೊಳ್ತೇನೆ.

ಆದರೆ ‘ಹಳ್ಳಿಯ ಜನ’ ಅನ್ನುವಲ್ಲಿ ‘ಹಲ್ಲಿಯ ಜನ’ ಅಂತ ಬಂದರೆ ಗೆರೆ ಬೀಳುವುದಿಲ್ಲ. ಎರಡೂ ಸರಿ ಪದವೇ ಅಲ್ವಾ? ಅದಕ್ಕೆ ಇವತ್ತಿಗೂ ಪ್ರಿಂಟ್ ತೆಗೆದು ಮೇಷ್ಟ್ರ ಟೇಬಲ್ಲಿಗೆ ಕಳಿಸುತ್ತೇನೆ. ಸಾಲಿನ ಕೆಳಗೆ ಸ್ಕೇಲ್ ಇಟ್ಟು ಓದುತ್ತಾರೆ. ಪುಟದ ಹತ್ತು ರೂಪಾಯಿಯಲ್ಲಿ ಐದು ಅವರಿಗೆ. ಮೊದಲು ದಿನಕ್ಕೆ ಇಪ್ಪತ್ತು ಪುಟ ಮುಗಿಸುತ್ತಿದ್ದರು, ಈಗ ಅರವತ್ತು. “ನಿನ್ನ ಮಿಷನ್ನು ಕಸ ಗುಡಿಸಿ ಕೊಡ್ತದೆ, ಪರವಾಗಿಲ್ಲ ಕಣಯ್ಯ” ಅಂದರು ಹೋದ ವಾರ.