300 ಪ್ರತಿಯ ಕವನ ಸಂಕಲನ: ನನ್ನ ಅನುಭವ

ಕವಿತೆಗೆ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ ಎಂದವರೇ ಹೆಚ್ಚು. ನನ್ನ ಮೂರನೇ ಸಂಕಲನದ ಅಚ್ಚಿನ ಖರ್ಚು ಪುಸ್ತಕ ಬೈಂಡ್ ಆಗುವ ಮೊದಲೇ ಕೈಸೇರಿತು. ಸ್ವಂತ ದುಡ್ಡಲ್ಲಿ ಪುಸ್ತಕ ತರುವವರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಮೊದಲ ಸಂಕಲನದಲ್ಲಿ ಸಾವಿರ ಪ್ರತಿ ಹಾಕಿಸಿದ್ದೇ ತಪ್ಪು. ಆಫ್‌ಸೆಟ್‌ನಲ್ಲಿ ಪ್ರತಿ ಹೆಚ್ಚಿದಷ್ಟೂ ಅಚ್ಚಿನ ಪ್ಲೇಟ್ ಮಾಡಿಸುವ ಖರ್ಚು ಹಂಚಿಹೋಗಿ ಬೆಲೆ ಇಳಿಯುತ್ತದೆ, ನಿಜ. ಆದರೆ ಮಾರದೆ ಉಳಿದ 600 ಪ್ರತಿಯ ಖರ್ಚು ಮಾರಿದ 400ರ ಮೇಲೆಯೇ ಕೂತಿತು. ಅದರಲ್ಲೂ ಅಂಗಡಿಯ ಕಮಿಷನ್ ಶೇಕಡಾ 40ರ ಹತ್ತಿರ. ವಾಪಸ್ ಬಂದ ಪ್ರತಿಗಳು ಮೂಲೆ ಮಡಚಿಕೊಂಡು ಬಂದವು. ಈ ಸಲ ಪ್ಲೇಟೇ ಬೇಡದ ಡಿಜಿಟಲ್‌ನಲ್ಲಿ 300 ಮಾತ್ರ. ಪ್ರತಿಗೆ ಸುಮಾರು 75 ರೂಪಾಯಿ ಬಿತ್ತು, ಮುಖಬೆಲೆ 140 ಇಟ್ಟೆ. 170 ಪ್ರತಿಗೆ ಮುಂಗಡ ಬಂದ ಮೇಲೆಯೇ ಫೈಲ್ ಪ್ರೆಸ್ಸಿಗೆ ಹೋದದ್ದು. ಮುಂಗಡ ಕೇಳಿದ ಪತ್ರದ ಒಕ್ಕಣೆಯನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ, ಅದು ನಾಲ್ಕು ವರ್ಷ ತಿದ್ದಿ ಪಡೆದದ್ದು.

ಅಳತೆ ಡೆಮಿ 1/8, 96 ಪುಟ, ಅಂದರೆ 16 ಪುಟದ ಆರು ಫಾರಂ (ಒಟ್ಟಿಗೆ ಮಡಚಿದ ಪುಟಗಳ ಕಟ್ಟು). ಪುಟ ಕಡಿಮೆ ಇರುವ ಪುಸ್ತಕವನ್ನು ಬರೀ ಅಂಟಿನ ಬೈಂಡಿಂಗ್‌ಗೆ ಕೊಟ್ಟರೆ ಎರಡು ಸಲ ಅಗಲಿಸಿ ತೆರೆದಾಗ ಹಾಳೆ ಕಳಚುತ್ತದೆ. ಕವಿತೆ ಓದುವವರು ಪುಸ್ತಕವನ್ನು ಅಗಲಿಸಿಯೇ ಹಿಡಿಯುತ್ತಾರೆ. ದಾರದ ಹೊಲಿಗೆಗೆ ಪ್ರತಿಗೆ ಹತ್ತು ರೂಪಾಯಿ ಹೆಚ್ಚು ಹೋಯಿತು, ಅದು ಮೇಲಿನ 75ರಲ್ಲೇ ಸೇರಿದೆ. ಕಾಗದದ ನಾರು ಬೆನ್ನಿಗೆ ಸಮಾನಾಂತರವಾಗಿ ಓಡಬೇಕೆಂದು ಬರೆದುಕೊಡಿ. ಅಡ್ಡ ಓಡಿದರೆ ಪುಟ ಸೆಟೆದು ನಿಲ್ಲುತ್ತದೆ, ಪುಸ್ತಕ ತಾನಾಗಿ ಮುಚ್ಚಿಕೊಳ್ಳುತ್ತದೆ.

ಎರಡನೇ ಸಂಕಲನವನ್ನು ಕೆಡಿಸಿದ್ದು ಕಾಗದ. ಗದ್ಯದಲ್ಲಿ ಪುಟ ತುಂಬಿರುವುದರಿಂದ 60 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ನಡೆದುಬಿಡುತ್ತದೆ. ಕವಿತೆಯಲ್ಲಿ ಖಾಲಿ ಜಾಗವೇ ಹೆಚ್ಚು. ಹಿಂದಿನ ಪುಟದ ಸಾಲುಗಳು ಆ ಖಾಲಿಯಲ್ಲಿ ಬೂದುಬಣ್ಣದಲ್ಲಿ ಮೂಡಿ, ಎರಡು ನುಡಿಗಳ ನಡುವೆ ಕವಿ ಬಿಟ್ಟ ಮೌನದೊಳಗೆ ಬೇರೊಂದು ಕವಿತೆ ಕನ್ನಡಿಯಲ್ಲಿ ತಿರುಗಿದಂತೆ ಕಾಣುತ್ತದೆ. ಈಗ 80 ಜಿಎಸ್‌ಎಂಗಿಂತ ಕೆಳಗೆ ಇಳಿಯುವುದೇ ಇಲ್ಲ.

ಅಕ್ಷರ 12 ಪಾಯಿಂಟ್, ಸಾಲಿನ ಅಂತರ 19. ಇಂಗ್ಲಿಷಿನ ಅಳತೆಯಲ್ಲಿ 15 ಇಟ್ಟಿದ್ದಾಗ ‘ರಾಷ್ಟ್ರ’ದ ಒತ್ತಿನ ಕೆಳಗಿನ ಒತ್ತು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಹಾಕದಿದ್ದರೆ ಯೂನಿಕೋಡ್ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಬೀಳುತ್ತವೆ. ನುಡಿ ತಂತ್ರಾಂಶದಲ್ಲಿದ್ದ ಹಳೆಯ ಕವಿತೆಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನೆಲ್ಲ ಒಂದೊಂದಾಗಿ ನೋಡಿ. ‘ರ‍್ಯಾಲಿ’ಯಂಥ ಪದದಲ್ಲಿ ರಕಾರದ ನಂತರ ಝೀರೊ ವಿಡ್ತ್ ಜಾಯಿನರ್ ಎಂಬ ಕಾಣದ ಚಿಹ್ನೆ ಇಲ್ಲದಿದ್ದರೆ ರಕಾರ ಅರ್ಕಾವೊತ್ತಾಗಿ ಮುಂದಿನ ಅಕ್ಷರದ ಬಲಕ್ಕೆ ಹಾರುತ್ತದೆ. ಅಕ್ಷರದ ಕಪ್ಪು ಬರೀ ಕೆ 100 (ಕಪ್ಪು ಶಾಯಿ ಮಾತ್ರ) ಇರಲಿ. ನಾಲ್ಕು ಬಣ್ಣ ಬೆರೆತ ಕಪ್ಪಾದರೆ ಬಣ್ಣಗಳು ಕೂದಲೆಳೆ ಸರಿದರೂ ಸಣ್ಣ ಒತ್ತುಗಳು ಮಸುಕಾಗುತ್ತವೆ.

ಎರಡು ಪುಟದ ಕವಿತೆ ಎಡಪುಟದಲ್ಲೇ ಶುರುವಾಗಬೇಕು, ನಡುವೆ ಹಾಳೆ ತಿರುವುವಂತಾಗಬಾರದು. ಇದಕ್ಕಾಗಿ ನಾಲ್ಕು ಕವಿತೆ ಕೈಬಿಟ್ಟೆ. ಉದ್ದದ ಸಾಲು ಅಂಚಿನಲ್ಲಿ ಮುರಿದರೆ ಉಳಿದ ಭಾಗವನ್ನು ಸ್ಪಷ್ಟವಾಗಿ ಒಳಕ್ಕೆ ಸರಿಸಿ, ಇಲ್ಲವಾದರೆ ಓದುಗರು ಅದನ್ನು ಹೊಸ ಸಾಲೆಂದೇ ಓದುತ್ತಾರೆ.

ಇದರ ಜೊತೆಗೆ ಕೈಯಿಂದ ತಯಾರಿಸಿದ ಕಾಗದದ ಮುಖಪುಟವನ್ನೂ ಪರೀಕ್ಷಿಸಿದೆ. ಒರಟು ಮೈಯ ಮೇಲೆ ಡಿಜಿಟಲ್ ಅಚ್ಚಿನ ಪುಡಿಶಾಯಿ ಟೋನರ್ ಹಿಡಿಯಲಿಲ್ಲ, ಉಗುರು ತಾಗಿದರೆ ಪುಡಿಯಾಗಿ ಉದುರಿತು. ಸ್ಕ್ರೀನ್ ಪ್ರಿಂಟ್ ಮಾಡಿಸಿದಾಗ ಚೆನ್ನಾಗಿ ನಿಂತಿತು. ಬೆನ್ನಿನ ಮಡಿಕೆಗೆ ಮೊದಲೇ ಗೆರೆ ಒತ್ತಿಸದ ಹತ್ತಾರು ಹಾಳೆ ಮಾತ್ರ ಸೀಳಿಹೋದವು. ಸೀಳದೆ ಉಳಿದ 40 ಪ್ರತಿಗೆ ಸಂಖ್ಯೆ ಬರೆದು 250ರಂತೆ ಕೊಟ್ಟೆ, ಎಲ್ಲಕ್ಕಿಂತ ಮೊದಲು ಖಾಲಿಯಾದದ್ದು ಅವೇ.

ಐಎಸ್‌ಬಿಎನ್‌ಗೆ (ಪುಸ್ತಕದ ಅಂತರರಾಷ್ಟ್ರೀಯ ಗುರುತು ಸಂಖ್ಯೆ) ಅದನ್ನು ಕೊಡುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯಲ್ಲಿ ಶುಲ್ಕವಿಲ್ಲ, ದುಡ್ಡು ಕೇಳುವ ಮಧ್ಯವರ್ತಿಗಳ ಹತ್ತಿರ ಹೋಗಬೇಡಿ. ಅಂತಿಮ ಪಿಡಿಎಫ್ ಮತ್ತು ಫಾಂಟ್ ಫೈಲ್‌ಗಳನ್ನು ಪ್ರೆಸ್ಸಿನವರಿಂದ ತೆಗೆದುಕೊಂಡು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಮರುಮುದ್ರಣಕ್ಕೆ 100 ಪ್ರತಿ ಕೇಳಿದಾಗ ನಾನು ಮತ್ತೆ ಕೂತು ಮಾಡಿದ ಕೆಲಸ ಎರಡು ಅಚ್ಚಿನ ತಪ್ಪು ತಿದ್ದಿದ್ದು, ಅಷ್ಟೇ.