ಗಾಳಿಯ ಸೂಕ್ಷ್ಮ ಕಣದ ಪಿಎಚ್: ಲೆಕ್ಕ ಹಾಕುವುದು ಹೇಗೆ?

ಎಂ.ಎಸ್ಸಿ ಪ್ರಾಜೆಕ್ಟ್‌ಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಪಿಎಂ 2.5 (2.5 ಮೈಕ್ರಾನ್‌ವರೆಗಿನ ಸೂಕ್ಷ್ಮ ಕಣಗಳು) ಹಿಡಿದ ಫಿಲ್ಟರನ್ನು ನೀರಿನಲ್ಲಿ ನೆನೆಸುತ್ತಾರೆ, ಆಮ್ಲೀಯತೆ ಹೇಳುವ ಪಿಎಚ್ (ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಮೀಟರ್ ಅದ್ದುತ್ತಾರೆ, ಬಂದ ಅಂಕಿಯನ್ನು ಬರೆದುಬಿಡುತ್ತಾರೆ. ಒಂದು ಹನಿ ನಿಂಬೆರಸವನ್ನು ಕೊಡ ನೀರಿಗೆ ಹಿಂಡಿ ಹುಳಿ ನೋಡಿದ ಹಾಗಾಯಿತು, ಅಲ್ವಾ? ಗಾಳಿಯಲ್ಲಿದ್ದಾಗ ಕಣಕ್ಕೆ ಅಂಟಿರುವ ನೀರು ತೀರಾ ಕಡಿಮೆ. ಅದಕ್ಕೇ ಕಣದ ಪಿಎಚ್ ಅನ್ನು ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ.

1. ಕಣ ಹಿಡಿಯಿರಿ. ಟೆಫ್ಲಾನ್ ಫಿಲ್ಟರ್ ಬಳಸಿ. ಬೇಸಿಗೆಯಲ್ಲಿ ಅಮೋನಿಯಂ ನೈಟ್ರೇಟ್ ಫಿಲ್ಟರಿನಿಂದಲೇ ಹಾರಿಹೋಗುತ್ತದೆ. ಹಾಗಾಗಿ ಹಾರಿದ ನೈಟ್ರೇಟ್ ಹಿಡಿಯಲು ಹಿಂದೆ ಒಂದು ನೈಲಾನ್ ಫಿಲ್ಟರ್ ಇರಲಿ.

2. ಅಮೋನಿಯಾ ಅನಿಲವನ್ನೂ ಅಳೆಯಿರಿ. ಸಿಟ್ರಿಕ್ ಆಮ್ಲ ಬಳಿದ ಡಿನ್ಯೂಡರ್ (ಕಣಗಳನ್ನು ಬಿಟ್ಟು ಅನಿಲವನ್ನಷ್ಟೇ ಹಿಡಿಯುವ ಕೊಳವೆ) ಸಾಕು. ಖರ್ಚು ಉಳಿಸಲು ಇದನ್ನು ಬಿಡುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ. ಅಗ್ಗದ ಸೆನ್ಸರ್‌ ಪೆಟ್ಟಿಗೆಗಳು ಇಲ್ಲಿ ಉಪಯೋಗಕ್ಕಿಲ್ಲ: ಕಣ ಎಷ್ಟಿದೆ ಎನ್ನುತ್ತವೆ, ಯಾವುದರಿಂದ ಆಗಿದೆ ಎನ್ನುವುದಿಲ್ಲ.

3. ಅಯಾನ್ ಕ್ರೊಮಟೊಗ್ರಫಿಯಲ್ಲಿ (ನೀರಿಗಿಳಿದ ವಿದ್ಯುದಂಶದ ಅಯಾನುಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಸಲ್ಫೇಟ್, ನೈಟ್ರೇಟ್, ಕ್ಲೋರೈಡ್, ಅಮೋನಿಯಂ, ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಅಳೆಸಿ.

4. ಮಾಡೆಲ್ ಓಡಿಸಿ. ಎಡವುವುದು ಇಲ್ಲೇ. ಅನಿಲ, ಕಣ, ನೀರಿನ ನಡುವಿನ ಸಮತೋಲವನ್ನು ಲೆಕ್ಕ ಹಾಕುವ ಐಸೊರೋಪಿಯಾ ಎಂಬ ಮಾಡೆಲ್‌ಗೆ ಎರಡು ದಾರಿಗಳಿವೆ. ‘ರಿವರ್ಸ್’ಗೆ ಕಣದ ಅಂಕಿಗಳಷ್ಟೇ ಸಾಕು, ಅದಕ್ಕೇ ಎಲ್ಲರೂ ಅತ್ತ ಓಡುತ್ತಾರೆ. ಆದರೆ ಅಳತೆಯಲ್ಲಿ ಸ್ವಲ್ಪ ಏರುಪೇರಾದರೂ ಉತ್ತರ ಕೆಲವು ಪಿಎಚ್ ಅಂಕಗಳಷ್ಟು ಜಾರುತ್ತದೆ. ‘ಫಾರ್ವರ್ಡ್’ ದಾರಿಯನ್ನೇ ಹಿಡಿಯಿರಿ. ಅದಕ್ಕೆ ಅನಿಲ ಮತ್ತು ಕಣ ಎರಡನ್ನೂ ಕೂಡಿಸಿ ಕೊಡಬೇಕು. ಎರಡನೇ ಹೆಜ್ಜೆಯ ಅಮೋನಿಯಾ ಬೇಕಾಗುವುದು ಇದಕ್ಕೇ. ಧನ ಅಯಾನು, ಋಣ ಅಯಾನುಗಳನ್ನು ಕೂಡಿ ಕಳೆದು ‘ಆಮ್ಲ ಇಷ್ಟು’ ಎನ್ನುವ ಅಡ್ಡದಾರಿಯೂ ಬೇಡ. ಪಿಎಚ್ 2 ಮತ್ತು 4ರ ನಡುವಿನ ವ್ಯತ್ಯಾಸ ಆ ಅಳತೆಯ ದೋಷದೊಳಗೇ ಮುಳುಗಿಹೋಗುತ್ತದೆ.

ಮಾಡೆಲ್‌ಗೆ ಗಾಳಿಯ ತಾಪಮಾನ, ತೇವಾಂಶವನ್ನೂ ಕೊಡಬೇಕು. ತೇವಾಂಶಕ್ಕೆ ದಿನದ ಸರಾಸರಿ ಹಾಕಬೇಡಿ. ಬೆಳಗಿನ ಜಾವ ಶೇ 90, ಮಧ್ಯಾಹ್ನ ಶೇ 40 ಇದ್ದರೆ ಸರಾಸರಿ ಶೇ 65. ಆದರೆ ಕಣ ಹೀರುವ ನೀರು ಆ ಲೆಕ್ಕದಲ್ಲಿ ಏರುವುದಿಲ್ಲ, ಶೇ 80 ದಾಟಿದ ಮೇಲೆ ಸರ್ರನೆ ಏರುತ್ತದೆ. ಹಗಲು, ರಾತ್ರಿಯ ಫಿಲ್ಟರನ್ನಾದರೂ ಬೇರೆ ಮಾಡಿ. ಶೇ 40ಕ್ಕಿಂತ ಕಡಿಮೆ, ಶೇ 95ಕ್ಕಿಂತ ಹೆಚ್ಚಿದ್ದ ಹೊತ್ತನ್ನು ನಾನಂತೂ ಬಿಟ್ಟುಬಿಡುತ್ತೇನೆ.

ಮಾಡೆಲ್‌ನಿಂದ ಬರುವ ಹೈಡ್ರೊಜನ್ ಅಯಾನು, ನೀರು ಎರಡೂ ಘನ ಮೀಟರ್ ಗಾಳಿಗೆ ಮೈಕ್ರೊಗ್ರಾಂನಲ್ಲಿ ಇರುತ್ತವೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 1000ದಿಂದ ಗುಣಿಸಿ, ಆಮೇಲೆ ಲಾಗ್ ತೆಗೆದು ಚಿಹ್ನೆ ಬದಲಿಸಿ. ಆ 1000 ಮರೆತರೆ ಪಿಎಚ್ ಪೂರ್ತಿ 3 ಅಂಕ ತಪ್ಪುತ್ತದೆ.

5. ತಾಳೆ ನೋಡಿ. ಮಾಡೆಲ್ ಹೇಳುವ ಅಮೋನಿಯಾ ಅನಿಲ ನೀವು ಅಳೆದದ್ದಕ್ಕೆ ಹೊಂದದಿದ್ದರೆ ಪಿಎಚ್ ಪ್ರಕಟಿಸಬೇಡಿ.

6. ಋತುಗಳನ್ನು ಅದಲುಬದಲು ಮಾಡಿ. ದೆಹಲಿಯ ಅಂಕಿಗಳಿವೆ ಎನ್ನೋಣ. ಜನವರಿಯ ರಾಸಾಯನಿಕಗಳನ್ನು ಹಾಗೇ ಇಟ್ಟು ಮೇ ತಿಂಗಳ ತಾಪಮಾನ ಮಾತ್ರ ಹಾಕಿ. ಪಿಎಚ್ ಇಳಿಯುತ್ತದೆ. ಸೆಕೆಗೆ ಅಮೋನಿಯಾ ಕಣ ಬಿಟ್ಟು ಅನಿಲವಾಗುತ್ತದೆ, ಆಮ್ಲ ಉಳಿಯುತ್ತದೆ. ಆಮೇಲೆ ತೇವಾಂಶ ಮಾತ್ರ, ಆಮೇಲೆ ಸಲ್ಫೇಟ್ ಮಾತ್ರ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರ ಕೈವಾಡ ಎಂದು ತಿಳಿಯುವುದಿಲ್ಲ.

ಹೊಲ, ಗೊಬ್ಬರ, ದನಕರುಗಳಿಂದ ಅಮೋನಿಯಾ ಹೇರಳವಾಗಿರುವ ಗಂಗಾ ಬಯಲಿನಂಥ ಕಡೆ ತಾಪಮಾನ ಮತ್ತು ನೀರಿನ ಪಾತ್ರ ದೊಡ್ಡದು. ಅಮೋನಿಯಾವನ್ನೇ ಹೆಚ್ಚಿಸಿ ಪಿಎಚ್ ಒಂದು ಅಂಕ ಏರಿಸಬೇಕೆಂದರೆ ಅದನ್ನು ಸುಮಾರು ಹತ್ತು ಪಟ್ಟು ಮಾಡಬೇಕು. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಸಲ್ಫೇಟ್ ವರ್ಷಗಟ್ಟಲೆ ಇಳಿದರೂ ಕಣಗಳ ಆಮ್ಲೀಯತೆ ಹೆಚ್ಚುಕಡಿಮೆ ಹಾಗೇ ಉಳಿಯಿತು. ಅಲ್ಲಿ ಬೇಸಿಗೆಯ ಪಿಎಚ್ 0.5ರಿಂದ 2, ಚಳಿಗಾಲದಲ್ಲಿ 1ರಿಂದ 3.

ಬೇಸಿಗೆಯ ಮರುಭೂಮಿ ಧೂಳಿನ ಬಗ್ಗೆ ಮಾತ್ರ ಎಚ್ಚರ. ಕ್ಯಾಲ್ಸಿಯಂ ಎಲ್ಲ ಕಣಗಳಲ್ಲೂ ಸಮನಾಗಿ ಬೆರೆತಿದೆ ಎಂದು ಮಾಡೆಲ್ ನಂಬುತ್ತದೆ. ಧೂಳಿನ ಕಣ ಬೇರೆ, ಸಲ್ಫೇಟ್ ಕಣ ಬೇರೆ ಆಗಿದ್ದರೆ ಪಿಎಚ್ ಇರುವುದಕ್ಕಿಂತ ಜಾಸ್ತಿ ತೋರುತ್ತದೆ. ಧೂಳಿನ ದಿನಗಳಲ್ಲಿ ಕ್ಯಾಲ್ಸಿಯಂ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಓಡಿಸಿ, ಎರಡೂ ಅಂಕಿಗಳನ್ನು ವರದಿಯಲ್ಲಿ ಕೊಡಿ.