ಅಮೆರಿಕದಲ್ಲಿ ಹಳೇ ಬೆಂಜ್ ಕಾರನ್ನು ದಾನ ಕೊಡುವುದು ಹೇಗೆ?

"ಹಳೇ ಕಾರು ಕೊಡಿ, ತೆರಿಗೆ ಉಳಿಸಿ" ಅನ್ನೋ ಜಾಹೀರಾತು ಅಮೆರಿಕದ ರೇಡಿಯೊದಲ್ಲಿ ಹೊಸದೇನಲ್ಲ. ಒಂದು ಫೋನ್ ಮಾಡಿದರೆ ಸಾಕು, ಟೋ ಟ್ರಕ್ ಮನೆ ಬಾಗಿಲಿಗೇ ಬಂದು ಗಾಡಿ ಎತ್ತಿಕೊಂಡು ಹೋಗುತ್ತದೆ. ಅಷ್ಟರ ಮಟ್ಟಿಗೆ ಮಾತು ನಿಜ. ತೆರಿಗೆ ಎಷ್ಟು ಉಳಿಯುತ್ತದೆ ಅನ್ನೋದು ಮಾತ್ರ ಬೇರೆ ಕಥೆ. ಬೆಂಗಳೂರಿಗೆ ವಾಪಸ್ ಹೊರಟವರು ಹತ್ತು ವರ್ಷದ ಮರ್ಸಿಡಿಸ್ ಇ-ಕ್ಲಾಸನ್ನೋ ಬಿಎಂಡಬ್ಲ್ಯು 5 ಸೀರೀಸನ್ನೋ ಕೊಡುವ ಮೊದಲು ಸ್ವಲ್ಪ ಕೂತು ಲೆಕ್ಕ ಹಾಕುವುದು ಒಳ್ಳೆಯದು.

ಮೊದಲು ಲೆಕ್ಕ

ಹಿಂದೆ ಬೆಲೆಪಟ್ಟಿಯಲ್ಲಿ ಕಾರಿಗೆ ಎಷ್ಟು ಬರೆದಿದೆಯೋ ಅಷ್ಟನ್ನೂ ದಾನ ಅಂತ ತೋರಿಸಿ, ತೆರಿಗೆ ಬೀಳುವ ಆದಾಯದಿಂದ ಕಳೆಯುತ್ತಿದ್ದರು. 2004ರಲ್ಲಿ ಬಂದ ಕಾನೂನು ಅದಕ್ಕೆ ಕಡಿವಾಣ ಹಾಕಿತು. ಈಗ ದಾನ ಪಡೆದ ಸೇವಾ ಸಂಸ್ಥೆ ನಿಮ್ಮ ಕಾರನ್ನು ಮಾರಿದರೆ, ಮಾರಿ ಬಂದ ದುಡ್ಡಷ್ಟೇ ನಿಮ್ಮ ದಾನದ ಮೊತ್ತ. ಬಹಳಷ್ಟು ಸಂಸ್ಥೆಗಳು ಮಾಡುವುದೂ ಅದನ್ನೇ. ಮಧ್ಯವರ್ತಿ ಕಂಪನಿಗೆ ಗಾಡಿ ಒಪ್ಪಿಸುತ್ತಾರೆ, ಅದು ಹರಾಜಿಗೆ ಹೋಗುತ್ತದೆ.

ದೊಡ್ಡ ಬ್ರ್ಯಾಂಡಿನ ಹಳೇ ಕಾರಿಗೆ ಹರಾಜಿನಲ್ಲಿ ಬೆಲೆ ಬರುವುದು ಕಷ್ಟ. ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿಯ ಮೇಲೆ ಕಾರನ್ನು ಹೊರುವ ವ್ಯವಸ್ಥೆ) ಯಾವಾಗ ಕೈಕೊಡುತ್ತೋ ಅಂತ ಕೊಳ್ಳುವವರಿಗೂ ಭಯ. ಒಂದು ಉದಾಹರಣೆ ನೋಡಿ. ನೀವೇ ಮಾರಿದರೆ 9,000 ಡಾಲರ್ ಸಿಗುವ ಕಾರು ಹರಾಜಿನಲ್ಲಿ 4,200ಕ್ಕೆ ಹೋಯಿತು ಅಂದುಕೊಳ್ಳಿ. ನೀವು ಶೇ 24ರ ತೆರಿಗೆ ಹಂತದಲ್ಲಿದ್ದರೆ ಹೆಚ್ಚೆಂದರೆ 1,008 ಡಾಲರ್ ಉಳಿಯುತ್ತದೆ. ಅದೇ ಕಾರನ್ನು ನೀವೇ ಮಾರಿ, 9,000 ಡಾಲರನ್ನೂ ಚೆಕ್ ಬರೆದು ಕೊಟ್ಟರೆ 2,160 ಉಳಿಯುತ್ತದೆ. ಸಂಸ್ಥೆಗೂ ಎರಡು ಪಟ್ಟಿಗಿಂತ ಜಾಸ್ತಿ ದುಡ್ಡು.

ಇಷ್ಟಾದರೂ ಸಿಗುವುದು ಖರ್ಚುಗಳನ್ನು ಒಂದೊಂದಾಗಿ ತೋರಿಸಿ ರಿಟರ್ನ್ಸ್ ಹಾಕುವವರಿಗೆ ಮಾತ್ರ. 2025ರ ಲೆಕ್ಕಕ್ಕೆ ಗಂಡ-ಹೆಂಡತಿ ಜಂಟಿಯಾಗಿ ಸಲ್ಲಿಸಿದರೆ 31,500 ಡಾಲರ್ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಯಾವ ಖರ್ಚನ್ನೂ ತೋರಿಸದೆ ಆದಾಯದಿಂದ ಕಳೆಯುವ ಮೊತ್ತ, ತಾನಾಗೇ ಸಿಗುತ್ತದೆ. ಮನೆ ಸಾಲದ ಬಡ್ಡಿ, ದಾನ ಎಲ್ಲಾ ಸೇರಿಸಿದರೂ ಆ ಗೆರೆ ದಾಟದಿದ್ದರೆ ಕಾರಿನಿಂದ ಒಂದು ಡಾಲರೂ ಉಳಿಯುವುದಿಲ್ಲ. ಗೆರೆ ದಾಟಿದವರಿಗೂ 2026ರಿಂದ ಆದಾಯದ ಶೇ 0.5ರವರೆಗಿನ ದಾನವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದಕ್ಕಿಂತ ಮೇಲಿನದು ಮಾತ್ರ ಲೆಕ್ಕಕ್ಕೆ.

ನನ್ನನ್ನು ಕೇಳಿದರೆ, ಚೆನ್ನಾಗಿ ಓಡುವ ಕಾರಾದರೆ ಮಾರಿ ದುಡ್ಡು ಕೊಡಿ. ರಿಪೇರಿ ಖರ್ಚೇ ಕಾರಿನ ಬೆಲೆ ಮುಟ್ಟುವ ಹಾಗಿದ್ದರೆ ಅಥವಾ ವಿಮಾನದ ದಿನ ಹತ್ತಿರ ಬಂದಿದ್ದರೆ ಕಾರನ್ನೇ ದಾನ ಮಾಡಿ.

ಯಾರಿಗೆ ಕೊಡಬೇಕು?

ಸಂಸ್ಥೆ 501(ಸಿ)(3) ಆಗಿರಬೇಕು, ಅಂದರೆ ಕೊಟ್ಟ ದಾನಕ್ಕೆ ತೆರಿಗೆ ವಿನಾಯಿತಿ ಸಿಗುವ ಮಾನ್ಯತೆ ಇರಬೇಕು. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು. ದೇವಸ್ಥಾನ, ಚರ್ಚುಗಳ ಹೆಸರು ಅಲ್ಲಿ ಇಲ್ಲದಿದ್ದರೂ ಅರ್ಹತೆ ಇರಬಹುದು, ಅವರನ್ನೇ ಕೇಳಿ. ನಿಮ್ಮೂರಿನ ಕನ್ನಡ ಕೂಟಕ್ಕೆ ಈ ಮಾನ್ಯತೆ ಇದ್ದರೆ ಅದಕ್ಕೂ ಕೊಡಬಹುದು. ಕರ್ನಾಟಕದ ಮಠಕ್ಕೋ ಅನಾಥಾಶ್ರಮಕ್ಕೋ ನೇರವಾಗಿ ಕೊಟ್ಟದ್ದಕ್ಕೆ ಅಮೆರಿಕದ ತೆರಿಗೆಯಲ್ಲಿ ವಿನಾಯಿತಿ ಇಲ್ಲ. ಅಂದಹಾಗೆ, ಊರಿನಲ್ಲಿ ಅಪ್ಪನ ಕಾರನ್ನು ಟ್ರಸ್ಟಿಗೆ ಕೊಟ್ಟರೂ 80ಜಿ ಅಂತ ಹೆಸರಾದ ದಾನದ ತೆರಿಗೆ ವಿನಾಯಿತಿ ಸಿಗದು. ಅದು ಹಣದ ದಾನಕ್ಕೆ ಮಾತ್ರ, ವಸ್ತುವಿಗಲ್ಲ.

ಫೋನಿನಲ್ಲಿ ಎರಡು ಪ್ರಶ್ನೆ ಕೇಳಿ: ಕಾರನ್ನು ಏನು ಮಾಡ್ತೀರಿ? ಮಾರಿದರೆ ನಿಮ್ಮ ಕೈಗೆ ಎಷ್ಟು ಬರುತ್ತೆ? ಮೊದಲನೆಯದು ನಿಮ್ಮ ತೆರಿಗೆಗೇ ಸಂಬಂಧಪಟ್ಟದ್ದು. ಸಂಸ್ಥೆ ಕಾರನ್ನು ತನ್ನ ಕೆಲಸಕ್ಕೇ ನಿಜವಾಗಿ ಬಳಸಿದರೆ, ದೊಡ್ಡ ರಿಪೇರಿ ಮಾಡಿಸಿ ಮಾರಿದರೆ, ಇಲ್ಲವೇ ಬಡ ಕುಟುಂಬಕ್ಕೆ ತೀರಾ ಕಡಿಮೆ ಬೆಲೆಗೆ ಕೊಟ್ಟರೆ ಪೂರ್ತಿ ಮಾರುಕಟ್ಟೆ ಬೆಲೆ ತೋರಿಸಬಹುದು. ಮೇರಿಲ್ಯಾಂಡಿನ ವೆಹಿಕಲ್ಸ್ ಫಾರ್ ಚೇಂಜ್ ಕುಟುಂಬಗಳಿಗೆ ಕಾರು ಕೊಡುವಂಥ ಸಂಸ್ಥೆ. ಆದರೆ ಬಡವರ ಮನೆಗೆ ಬೆಂಜ್ ಕೊಟ್ಟು ಅದರ ಸರ್ವಿಸ್ ಬಿಲ್ಲನ್ನೂ ಅವರ ತಲೆಗೆ ಕಟ್ಟುವುದು ಉಪಕಾರವೇನಲ್ಲ, ಅಲ್ವಾ? ಪೂರ್ತಿ ಬೆಲೆ ತೋರಿಸುವುದಾದರೆ, ಆ ಮೊತ್ತ 5,000 ಡಾಲರ್ ಮೀರಿದಾಗ ಅರ್ಹ ಮೌಲ್ಯಮಾಪಕರ ವರದಿ ಬೇಕು. ದಾನಕ್ಕೆ 60 ದಿನಕ್ಕಿಂತ ಹಿಂದೆ ಮಾಡಿಸಿದ ವರದಿ ನಡೆಯದು.

ಟೈಟಲ್

ಟೈಟಲ್ ಅಂದರೆ ನಮ್ಮ ಆರ್‌ಸಿ ಇದ್ದ ಹಾಗೆ. ಅದನ್ನು ತೆಗೆದು ನೋಡಿ. ಸಾಲ ತೀರಿದ್ದರೂ ಬ್ಯಾಂಕಿನ ಹೆಸರು ಅದರಲ್ಲಿ ಹಾಗೇ ಕೂತಿರಬಹುದು. ಆಗ ಸಾಲ ತೀರಿದೆ, ಕಾರಿನ ಮೇಲೆ ತನ್ನ ಹಕ್ಕಿಲ್ಲ ಅನ್ನೋ ಪತ್ರ (ಲೀನ್ ರಿಲೀಸ್) ಬ್ಯಾಂಕಿನಿಂದ ಬೇಕು. ಲೀಸ್ ಕಾರು ನಿಮ್ಮದಲ್ಲ, ಅದನ್ನು ದಾನ ಕೊಡಲು ಬರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಬ್ಬರ ಹೆಸರಿನ ನಡುವೆ 'ಆ್ಯಂಡ್' ಇದ್ದರೆ ಇಬ್ಬರೂ ಸಹಿ ಹಾಕಬೇಕು. ಯಜಮಾನರು ಮೊದಲೇ ಬೆಂಗಳೂರು ಸೇರಿಬಿಟ್ಟರೆ ಪಜೀತಿ. ಪಡೆಯುವವರ ಜಾಗದಲ್ಲಿ ಸಂಸ್ಥೆಯ ಹೆಸರು ಬರೆಸಿ. ಖಾಲಿ ಬಿಟ್ಟು ಸಹಿ ಹಾಕಬೇಡಿ.

ಗಾಡಿ ಖಾಲಿ ಮಾಡುವುದು

ಡ್ಯಾಶ್‌ಬೋರ್ಡ್ ಮೇಲೆ ಡಬಲ್ ಟೇಪಿನಲ್ಲಿ ಅಂಟಿಸಿದ ಗಣಪನನ್ನು ಎಲ್ಲರೂ ನೆನಪಿಟ್ಟು ಬಿಡಿಸಿಕೊಳ್ಳುತ್ತಾರೆ. ಮರೆಯುವುದು ಕನ್ನಡಿಯ ಕೆಳಗಿನ ಮೂರು ಪುಟ್ಟ ಬಟನ್‌ಗಳನ್ನು. ಅವನ್ನು ನಿಮ್ಮ ಗ್ಯಾರೇಜ್ ಬಾಗಿಲಿಗೆ ಹೊಂದಿಸಿರುತ್ತೀರಿ. ನ್ಯಾವಿಗೇಷನ್‌ನಲ್ಲಿ 'ಹೋಮ್' ಅಂತ ಮನೆ ವಿಳಾಸವೂ ಇರುತ್ತದೆ. ಎರಡೂ ಸೇರಿದರೆ ಅಪರಿಚಿತರಿಗೆ ನಿಮ್ಮ ಮನೆ ಬಾಗಿಲು ತೆರೆದಂತೆ. ಎರಡನ್ನೂ ಅಳಿಸಿ. ಫೋನಿನ ಕಾಂಟ್ಯಾಕ್ಟ್‌ಗಳನ್ನು ತೆಗೆದು, ಕಂಪನಿಯ ಆ್ಯಪಿನಿಂದ ಕಾರನ್ನು ಕಳಚಿ. ಟೋಲ್ ಟ್ಯಾಗ್ ಕಿತ್ತುಕೊಳ್ಳಿ, ಇಲ್ಲದಿದ್ದರೆ ಯಾರದೋ ಓಡಾಟಕ್ಕೆ ನೀವು ದುಡ್ಡು ಕಟ್ಟುತ್ತಿರುತ್ತೀರಿ. ಎರಡನೇ ಕೀ ಇದ್ದರೆ ಗಾಡಿಯ ಜೊತೆಗೇ ಕೊಡಿ.

ಟೋ ಟ್ರಕ್ ಬಂದ ದಿನ

ಓಡೋಮೀಟರಿನ ಫೋಟೊ ತೆಗೆದುಕೊಳ್ಳಿ, ಚಾಲಕನಿಂದ ರಸೀದಿ ಪಡೆಯಿರಿ. ಕ್ಯಾಲಿಫೋರ್ನಿಯಾದಲ್ಲಿ ಐದು ದಿನದೊಳಗೆ ಡಿಎಂವಿಗೆ (ನಮ್ಮ ಆರ್‌ಟಿಒ ಇದ್ದ ಹಾಗೆ) ಹೊಣೆ ಬಿಡುಗಡೆ ನೋಟಿಸ್, ಅಂದರೆ ಕಾರು ಇನ್ನು ನನ್ನ ಹೊಣೆಯಲ್ಲ ಅನ್ನೋ ಸೂಚನೆ, ಕೊಡಬೇಕು. ಆನ್‌ಲೈನಿನಲ್ಲೇ ಆಗುತ್ತದೆ. ಇಲ್ಲದಿದ್ದರೆ ಮುಂದಿನ ಪಾರ್ಕಿಂಗ್ ದಂಡ ನಿಮ್ಮ ಹೆಸರಿಗೇ ಬರಬಹುದು. ಅಲ್ಲಿ ಸಾಮಾನ್ಯ ನಂಬರ್ ಪ್ಲೇಟ್ ಕಾರಿನ ಜೊತೆಗೇ ಹೋಗುತ್ತದೆ. ನ್ಯೂಯಾರ್ಕ್‌ನಲ್ಲಿ ಹಾಗಲ್ಲ. ಪ್ಲೇಟ್ ಬಿಚ್ಚಿ ಡಿಎಂವಿಗೆ ಒಪ್ಪಿಸಿ, ಆಮೇಲೆ ಇನ್ಶೂರೆನ್ಸ್ ರದ್ದು ಮಾಡಬೇಕು.

ಕೊನೆಗೆ ಕಾಗದ

ಕಾರು ಮಾರಾಟವಾದ 30 ದಿನದೊಳಗೆ ಸಂಸ್ಥೆ ನಿಮಗೆ 1098-ಸಿ ಅನ್ನೋ ಕಾರು ದಾನದ ದಾಖಲೆ ಫಾರ್ಮ್ ಕಳಿಸಬೇಕು. ಹರಾಜಿನಲ್ಲಿ ಬಂದ ಒಟ್ಟು ಮೊತ್ತ ಅದರಲ್ಲಿರುತ್ತದೆ. ಮಧ್ಯವರ್ತಿಯ ಕಮಿಷನ್ ಕಳೆಯುವ ಮುಂಚಿನ ಮೊತ್ತವೇ ನಿಮ್ಮ ಲೆಕ್ಕಕ್ಕೆ. 500 ಡಾಲರ್ ಮೀರಿದರೆ ನೀವು ರಿಟರ್ನ್ಸ್ ಜೊತೆ ವಸ್ತು ದಾನದ 8283 ಫಾರ್ಮನ್ನೂ ತುಂಬಬೇಕು. 1098-ಸಿ ಇಲ್ಲದೆ 500 ಡಾಲರ್‌ಗಿಂತ ಹೆಚ್ಚು ತೋರಿಸುವಂತಿಲ್ಲ. ನೀವು ಬೆಂಗಳೂರಿನಲ್ಲಿ, ಆ ಕಾಗದ ಖಾಲಿ ಮಾಡಿದ ಮನೆಯ ಅಂಚೆಪೆಟ್ಟಿಗೆಯಲ್ಲಿ ಅನ್ನೋ ಹಾಗಾಗಬಾರದು. ಫೋನ್ ಮಾಡಿದ ದಿನವೇ ಹೊಸ ವಿಳಾಸ ಬರೆಸಿ. ರಿಟರ್ನ್ಸ್ ಗಡುವು ಏಪ್ರಿಲ್ 15ರೊಳಗೆ ಆ ಕಾಗದ ಬಾರದಿದ್ದರೆ 4868 ಫಾರ್ಮ್ ಹಾಕಿ ಅಕ್ಟೋಬರ್ 15ರವರೆಗೆ ಸಮಯ ತೆಗೆದುಕೊಳ್ಳಬಹುದು. ಆದರೆ ಕಟ್ಟಬೇಕಾದ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಬೇಕು.